ಕನ್ನಡಿ ಹಿಡಿಯುವ ಕೆಲಸ

ಹೊರಗೆ ಬಿಸಿಲಲ್ಲಿ ಹಜ್ಜಾಜ್, ನನ್ನ ತಂಗಿಯ ಮಗ,
ಕ್ಷೌರದಂಗಡಿಯ ಹಳೆ ಕನ್ನಡಿ ಹಿಡಿದು ನಿಲ್ಲುತ್ತಾನೆ.
ಒಳಗೆ ನಾನು.
ಕೈಯಲ್ಲೊಂದು ರಟ್ಟು, ರಟ್ಟಿಗೆ ಅಂಟಿಸಿದ ಬೆಳ್ಳಿ ಕಾಗದ.
ಅವನು ಎಸೆದ ಸೂರ್ಯನನ್ನು ನಾನು ಹಿಡಿದು
ಮೂಲೆ ತಿರುಗಿಸಿ ಗೋಡೆಗೆ ಬಳಿಯಬೇಕು.
ಇದೇ ಉದ್ಯೋಗ. ಸರ್ಕಾರದ ಪುಸ್ತಕದಲ್ಲಿ ಕಾವಲುಗಾರ.
ಕರೆಂಟು ಇದೆ, ವಾರಕ್ಕೆ ಮೂರು ದಿನ.

ಒಂಬತ್ತೂವರೆಗೆ ಬಂತು ಬಸ್ಸು.
ಕೆಂಪು ಸಮುದ್ರದ ಹೋಟೆಲಿನಿಂದ ನಡುರಾತ್ರಿ ಎಬ್ಬಿಸಿ ತಂದವರು,
ಕೈಯಲ್ಲಿ ತಿಂಡಿಯ ಡಬ್ಬಿ, ಕೆನ್ನೆಯ ಮೇಲೆ ಸೀಟಿನ ಗೆರೆ.
ಅವರಿಗೆ ಇವತ್ತೇ ಎಲ್ಲ ಮುಗಿಯಬೇಕು:
ರಾಣಿಯ ದೇಗುಲ, ರಾಜರ ಕಣಿವೆ, ಕೂತೇ ಇರುವ ಇಬ್ಬರು ಕಲ್ಲುದೈತ್ಯರು,
ದೋಣಿ, ಊಟ, ಕಾರ್ನಾಕಿನ ಕಂಬಗಳು,
ಕತ್ತಲಾಗುವ ಮುಂಚೆ ಮತ್ತೆ ಮರುಭೂಮಿ.
ನಮ್ಮ ಗೋರಿ ಪಟ್ಟಿಯಲ್ಲೇ ಇರಲಿಲ್ಲ.
ರಾಜರ ಕಡೆ ಸಾಲು ಉದ್ದವಿತ್ತಂತೆ,
ಹನ್ನೆರಡು ನಿಮಿಷ ತುಂಬಬೇಕಿತ್ತಂತೆ.

ಮುಂದೆ ಸಾಫಿನಾಜ್, ಹಳದಿ ಕೊಡೆ ಎತ್ತಿಕೊಂಡು.
ಅವಳ ನಾಲ್ಕು ಭಾಷೆಯಲ್ಲಿ ನನಗೆ ಬರುವುದು ಒಂದೇ,
ಆದರೆ ನಾಲ್ಕೂ ಬಾಯಿಪಾಠ.
ಅವಳು ಉಸಿರು ಎಳೆದುಕೊಂಡರೆ ಬಾತುಕೋಳಿ,
ಕೊಡೆಯಿಂದ ನೆಲ ಕುಟ್ಟಿದರೆ ಧಾನ್ಯ ಅಳೆಯುವವರು,
ದನಿ ತಗ್ಗಿಸಿದರೆ ಎದೆ ಬಡಿದುಕೊಳ್ಳುವ ಹೆಂಗಸರು.
ಮಾತಿಗಿಂತ ಅರೆಗಳಿಗೆ ಮುಂಚೆ ಬೆಳಕು ಅಲ್ಲಿರಬೇಕು.
ನನಗಿರುವ ಹೆಮ್ಮೆ ಅಷ್ಟೇ.

ಕೊನೆಗೆ ರೊಟ್ಟಿಯ ಗೋಡೆ.
ಹಿಟ್ಟು ನಾದುವವನ ಬೆನ್ನು ನೋಡಿ, ಎಂದಳು,
ಮೂರೂವರೆ ಸಾವಿರ ವರ್ಷವಾದರೂ ಬೆವರು ಆರಿಲ್ಲ.
ಆಹಾ ಎಂದರು.
ಆಮೇಲೆ ಕೊಡೆಯ ತುದಿ ಚಾವಣಿಯ ಕಡೆಗೆ:
ಆ ಕಪ್ಪು, ಕ್ಷಮಿಸಿ, ಹಾನಿ.
ಎಷ್ಟೋ ಕಾಲದ ನಂತರ ಯಾರೋ ಇಲ್ಲಿ ಒಲೆ ಹಚ್ಚಿದ್ದರು.

ಯಾರೋ.
ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ.
ನನ್ನದು ಚಾವಣಿಯಲ್ಲಿದೆ. ಬೇಕು.

ಆ ಯಾರೋ ಬಖೀತಾ, ನನ್ನ ಅವ್ವ.
ಈ ಬಂಡೆಯ ನೆತ್ತಿಗೆ ನಮ್ಮ ನೀಲಿ ಮನೆ,
ಹಿಂಬಾಗಿಲು ತೆರೆದು ಇಳಿದರೆ ಈ ಕೋಣೆ:
ಒಲೆ, ಎರಡು ಆಡು, ಬೆಳ್ಳುಳ್ಳಿಯ ಗೊಂಚಲು.
ಗೋಡೆಯ ಮೇಲಿನ ಯಜಮಾನನಿಗೆ ಸಲಾಂ ಹೇಳಿಯೇ
ಅವಳು ಬೆಂಕಿ ಹಚ್ಚುತ್ತಿದ್ದದ್ದು.
ಹಿಟ್ಟಿನ ಬಿಲ್ಲೆಗಳನ್ನು ಅಂಗಳದ ಬಿಸಿಲಿಗಿಟ್ಟು ಉಬ್ಬಿಸಿ
(ನಮ್ಮ ಕಡೆ ಅದು ಸೂರ್ಯನ ರೊಟ್ಟಿ)
ಆ ನಾದುವವನ ಬೆನ್ನಿಗೆ ಬೆನ್ನು ಕೊಟ್ಟು ಬೇಯಿಸುತ್ತಿದ್ದಳು.
ಆಮೇಲೆ ಬುಲ್ಡೋಜರು. ದೂರದಲ್ಲಿ ಹೊಸ ಊರು, ಸಾಲುಮನೆ,
ನಲ್ಲಿಯಲ್ಲಿ ನೀರು, ಒಲೆಗೆ ಜಾಗವಿಲ್ಲ.
ಅವ್ವ ಒಂದು ಚಳಿಗಾಲ ಕಳೆದಳು ಅಲ್ಲಿ,
ಎರಡನೆಯದಕ್ಕೆ ಉಳಿಯಲಿಲ್ಲ.

ಮಸಿ ಒರೆಸಲು ಹೊರದೇಶದವರು ಬರುತ್ತಾರಂತೆ
ಹತ್ತಿ ಸುತ್ತಿದ ಕಡ್ಡಿ ಹಿಡಿದು.
ಈ ಯಜಮಾನನ ಕರಣಿಕನೂ ಮಸಿಯನ್ನೇ ಕಲಸಿಕೊಂಡು
ಮೂಟೆಗಳ ಲೆಕ್ಕ ಬರೆದದ್ದಲ್ಲವೆ?
ಅವನ ಲೆಕ್ಕ ಇರಲಿ. ನಮ್ಮದನ್ನು ಅವ್ವ ಬರೆದಳು,
ದಿನಕ್ಕೊಂದು ಸಾಲು, ಓದಲು ಬಾರದವಳು.

ಇಷ್ಟು ವರ್ಷ ಅಲ್ಲಿಗೆ ನಾನು ಬೆಳಕು ಬಿಟ್ಟವನಲ್ಲ.
ಇವತ್ತು ಯಾಕೋ ಮಣಿಕಟ್ಟು ತಿರುಗಿತು.
ರಟ್ಟಿನ ಸೂರ್ಯ ನಾದುವವನನ್ನು ಬಿಟ್ಟು ಮೇಲೆ ಹತ್ತಿ
ಕಪ್ಪಿನ ನಟ್ಟನಡುವೆ ನಿಂತುಬಿಟ್ಟ.
ಅಲ್ಲೊಂದು ಕೈಯ ಗುರುತು.
ಅಪ್ಪ ಹೆಗಲೇರಿಸಿಕೊಂಡ ದಿನ ನಾನೇ ಒತ್ತಿದ್ದು,
ಐದು ಬೆರಳು, ಆಗ ಐದೇ ವರ್ಷ.

ತಿಂಡಿಡಬ್ಬಿ ಹಿಡಿದ ಹುಡುಗಿಯೊಬ್ಬಳು ತಲೆಯೆತ್ತಿ ಏನೋ ಕೇಳಿದಳು.
ಸಾಫಿನಾಜ್ ನನ್ನತ್ತ ತಿರುಗಿ ಅರಬ್ಬಿಯಲ್ಲಿ:
ಏನದು, ಹಿರಿಯರೇ?
ನನ್ನದು, ಎಂದೆ.
ಅವಳು ಗಡಿಯಾರ ನೋಡಿಕೊಂಡಳು. ಆಮೇಲೆ ಹುಡುಗಿಗೆ ಹೇಳಿದಳು,
ನಾನಂದದ್ದಕ್ಕಿಂತ ಉದ್ದವಾಗಿತ್ತು,
ಅಥವಾ ಆ ಭಾಷೆಯೇ ಹಾಗೋ.
ಹುಡುಗಿ ತನ್ನ ಅಂಗೈ ನೋಡಿಕೊಂಡಳು.

ಡ್ರೈವರ್ ಬಿಶಾರಾ ಎರಡು ಸಲ ಹಾರ್ನ್ ಒತ್ತಿದ.
ಹೋದರು. ಹೊಸ್ತಿಲ ಧೂಳಲ್ಲಿ ಒಂದಷ್ಟು ರೊಟ್ಟಿಯ ಪುಡಿ,
ಆಗಲೇ ಇರುವೆ.
ಹೊರಗಿನಿಂದ ಹಜ್ಜಾಜ್ ಕೂಗಿದ:
ಮಾವಾ, ಸೂರ್ಯ ಸರಿದಿದ್ದಾನೆ,
ಎರಡು ಹೆಜ್ಜೆ ಎಡಕ್ಕೆ ಬಾ.